ಹಿಂದಿನ ಬೆಂಚಿನಲ್ಲಿ ಕೂತ ಸಹೋದ್ಯೋಗಿ

ಅಧ್ಯಾಪಕ: ತಮಿಳುನಾಡಿನ ತಾಳವಾಡಿಯ ಕಾಲೇಜಿನಲ್ಲಿ ಒಬ್ಬರ ಪಾಠದಲ್ಲಿ ಇನ್ನೊಬ್ಬ ಅಧ್ಯಾಪಕರು ಹೋಗಿ ಕೂರಬೇಕು, ಆಮೇಲೆ ಇಬ್ಬರೂ ಸೇರಿ ಆ ಪಾಠದ ಬಗ್ಗೆ ಮಾತಾಡಬೇಕು ಎನ್ನುತ್ತೀರಿ. ಮೇಡಂ, ನಮ್ಮ ಕಾಲೇಜುಗಳಲ್ಲಿ ತರಗತಿಯ ಹಿಂದೆ ಯಾರಾದರೂ ಬಂದು ಕೂತರೆ ಅದನ್ನು ಎಲ್ಲರೂ ಇನ್ಸ್‌ಪೆಕ್ಷನ್ ಎಂದೇ ತಿಳಿಯುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆಂದು ಗೊತ್ತಾದರೆ ತಿಂಗಳುಗಟ್ಟಲೆ ಫೈಲು ಜೋಡಿಸುವ ಜನ ನಾವು. ಅಂಥದ್ದರಲ್ಲಿ ದಿಂಬಂ ಘಾಟಿಯ 27 ತಿರುವು ಹತ್ತಿ ತಾಳವಾಡಿಯ ಬೆಟ್ಟಕ್ಕೆ ಬರುವ ಅಧ್ಯಾಪಕರ ಮೇಲೆ ಇದನ್ನೂ ಹೊರಿಸುವುದು ನ್ಯಾಯವೇ? ಬೋಧನೆ ಸುಧಾರಿಸಬೇಕಾದರೆ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದಲ್ಲಿ ತರಬೇತಿ ಕೇಂದ್ರವೇ ಇದೆ. ಅಲ್ಲಿಗೆ ಕಳಿಸಿದರೆ ಸಾಲದೇ?

ಅಧ್ಯಾಪಕಿ: ತರಬೇತಿ ಕೇಂದ್ರ ಬೇಡವೆಂದು ನಾನು ಹೇಳುತ್ತಿಲ್ಲ, ಸರ್. 1986ರ ಶಿಕ್ಷಣ ನೀತಿಯ ನಂತರ ಇಂಥ ಕೇಂದ್ರಗಳು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳಾಗಿ ಹುಟ್ಟಿದವು. ಅವೇ ಮುಂದೆ ಹೆಸರು ಬದಲಿಸಿಕೊಂಡು 2023ರಿಂದ ಮಾಳವೀಯ ಮಿಷನ್ ಅಡಿಯಲ್ಲಿ ನಡೆಯುತ್ತಿವೆ. ಅಲ್ಲಿ ಕಲಿಯುವುದಕ್ಕೆ ಬೇಕಾದಷ್ಟಿದೆ, ಆದರೆ ನಮ್ಮ ವಿದ್ಯಾರ್ಥಿಗಳು ಅಲ್ಲಿರುವುದಿಲ್ಲ. ಪಾಠ ಎಲ್ಲಿ ಮುರಿದುಬೀಳುತ್ತಿದೆ ಎಂಬುದು ಅವರು ಕೂತಿರುವ ಕೋಣೆಯಲ್ಲೇ ಗೊತ್ತಾಗಬೇಕು. ಇನ್ನೊಂದು ಸಂಗತಿ ಗಮನಿಸಿ. ಹೈಸ್ಕೂಲಿನಲ್ಲಿ ಪಾಠ ಮಾಡುವವರು ಬಿ.ಎಡ್. ಮಾಡಿರಬೇಕು. ಆ ಓದಿನಲ್ಲಿ ಅವರು ಅಭ್ಯಾಸ ಪಾಠ ಮಾಡಿರುತ್ತಾರೆ, ಮೇಲ್ವಿಚಾರಕರೂ ಜೊತೆಯ ಪ್ರಶಿಕ್ಷಣಾರ್ಥಿಗಳೂ ಹಿಂದೆ ಕೂತು ಅದನ್ನು ನೋಡಿ ಬರೆದಿರುತ್ತಾರೆ. ಕಾಲೇಜಿಗೆ ಬರುವವರಿಗೆ ಸ್ನಾತಕೋತ್ತರ ಪದವಿ ಬೇಕು, ಜೊತೆಗೆ ನೆಟ್ ಅಥವಾ ಸೆಟ್ ಬೇಕು, ಇಲ್ಲವೇ ಪಿಎಚ್.ಡಿ. ಬೇಕು. ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಬೋಧನೆಯ ಬಗ್ಗೆ ಪ್ರಶ್ನೆಗಳಿವೆ, ನಿಜ. ಆದರೆ ಅಲ್ಲಿ ಕೊಟ್ಟಿರುವ ಉತ್ತರಗಳಲ್ಲಿ ಒಂದನ್ನು ಗುರುತು ಮಾಡಿದರೆ ಮುಗಿಯಿತು. ಹೀಗೆ ಬಂದ ಅಧ್ಯಾಪಕರೊಬ್ಬರು ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾಗಬಹುದು, ಅಷ್ಟು ಕಾಲದಲ್ಲಿ ಅವರ ಒಂದು ಪಾಠವನ್ನೂ ಅದೇ ಕೆಲಸ ಮಾಡುವ ಇನ್ನೊಬ್ಬರು ಪೂರ್ತಿ ಕೂತು ನೋಡದೆ ಇರಬಹುದು. ಬರೆದ ಲೇಖನವನ್ನು ಪ್ರಕಟಣೆಗೆ ಮುಂಚೆ ಇಬ್ಬರು ತಜ್ಞರು ಓದಬೇಕು ಎನ್ನುವ ವಿಶ್ವವಿದ್ಯಾಲಯ ವ್ಯವಸ್ಥೆ, ದಿನವೂ ನಡೆಯುವ ಪಾಠವನ್ನು ಮಾತ್ರ ಯಾರ ಕಣ್ಣಿಗೂ ಬೀಳದಂತೆ ಬಿಟ್ಟಿದೆ. ಇದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಅಧ್ಯಾಪಕ: ಇದು ಎಲ್ಲ ಕಾಲೇಜುಗಳಿಗೂ ಅನ್ವಯಿಸುವ ಮಾತಾಯಿತು. ತಾಳವಾಡಿಯ ಹೆಸರನ್ನೇ ಹಿಡಿದು ಮಾತಾಡುತ್ತಿರುವುದಕ್ಕೆ ಬೇರೆ ಕಾರಣವಿದೆಯೇ?

ಅಧ್ಯಾಪಕಿ: ಇದೆ. 1956ರಲ್ಲಿ ರಾಜ್ಯಗಳ ಗಡಿ ಗುರುತಿಸಿದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಅಲ್ಲಿಂದ ಇಲ್ಲಿಯವರೆಗೆ ಈ ಊರುಗಳ ಮಕ್ಕಳು ಹಲವು ಭಾಷೆಗಳ ನಡುವೆ ಓದುತ್ತ ಬಂದಿದ್ದಾರೆ. ಹೆಚ್ಚಿನ ಮನೆಗಳಲ್ಲಿ ಕನ್ನಡ, ಸೋಲಿಗರ ಮತ್ತು ಊರಾಳಿಗಳ ಹಾಡಿಗಳಲ್ಲಿ ಅವರದೇ ನುಡಿ, ಕೆಲವು ಮನೆಗಳಲ್ಲಿ ತಮಿಳು. ಶಾಲೆಯಲ್ಲಿ ಕೆಲವರಿಗೆ ಕನ್ನಡ ಮಾಧ್ಯಮ, ಕೆಲವರಿಗೆ ತಮಿಳು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಹತ್ತನೇ ತರಗತಿಯವರೆಗೆ ತಮಿಳು ಕಡ್ಡಾಯ ವಿಷಯವಾಗುತ್ತ ಹೋಯಿತು. ಅದರ ಬಗ್ಗೆ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಇತ್ತೀಚಿನ ವರ್ಷಗಳಲ್ಲಿ ತಾಳವಾಡಿಗೇ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜು ಬಂತು. ಪದವಿ ಓದಲು ಸತ್ಯಮಂಗಲಕ್ಕೆ ಇಳಿಯಬೇಕಾಗಿದ್ದ, ಇಲ್ಲವೇ ಗಡಿ ದಾಟಿ ಚಾಮರಾಜನಗರಕ್ಕೆ ಹೋಗಬೇಕಾಗಿದ್ದ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇದು ಎಷ್ಟು ದೊಡ್ಡ ಸಂಗತಿ ಎಂದು ಬೇರೆ ಹೇಳಬೇಕಿಲ್ಲ. ಆದರೆ ಬಾಗಿಲು ತೆರೆದಷ್ಟಕ್ಕೆ ಕಲಿಕೆ ಆಗಿಬಿಡುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ‘ವೇಗೋತ್ಕರ್ಷ’ ಎಂದು ಕಲಿತ ವಿದ್ಯಾರ್ಥಿಗೆ ಕಾಲೇಜಿನ ಪುಸ್ತಕದಲ್ಲಿ ‘ಆಕ್ಸಿಲರೇಶನ್’ ಸಿಗುತ್ತದೆ, ಪಕ್ಕದಲ್ಲಿ ಕೂತ ತಮಿಳು ಮಾಧ್ಯಮದ ಗೆಳತಿ ಅದನ್ನೇ ‘ಮುಡುಕ್ಕಂ’ ಎಂದು ಓದಿರುತ್ತಾಳೆ. ಬಯಲಿನಿಂದ ಬಂದ ಅಧ್ಯಾಪಕರು ಎಷ್ಟೇ ಕಳಕಳಿಯಿಂದ ಪಾಠ ಮಾಡಿದರೂ, ಆ ಹುಡುಗ ಎಲ್ಲಿ ತಪ್ಪಿಸಿಕೊಂಡ ಎಂಬುದು ಬೋರ್ಡಿನ ಮುಂದೆ ನಿಂತವರಿಗೆ ಕಾಣುವುದು ಕಷ್ಟ.

ಒಂದು ಉದಾಹರಣೆ ಸಾಕು. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಪಾಠಗಳ ಧ್ವನಿಮುದ್ರಣಗಳನ್ನು ಕೇಳಿ ಅಳೆದದ್ದು ಬಹಳ ಸಣ್ಣ ವಿಷಯ: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಎಷ್ಟು ಹೊತ್ತು ಸುಮ್ಮನಿರುತ್ತಾರೆ? ಸರಾಸರಿ ಒಂದು ಸೆಕೆಂಡಿನ ಆಸುಪಾಸು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಪ್ರಶ್ನೆಗಳು ಕಡಿಮೆಯಾದವು, ಸಾಮಾನ್ಯವಾಗಿ ಬಾಯಿ ಬಿಡದ ಮಕ್ಕಳೂ ಮಾತಾಡತೊಡಗಿದರು. ಇದು ಶಾಲೆಯಲ್ಲಿ ನಡೆದ ಅಧ್ಯಯನ, ಅದೂ ಮಕ್ಕಳು ಪ್ರಶ್ನೆ ಕೇಳಿಸಿಕೊಂಡ ಭಾಷೆಯಲ್ಲೇ ಉತ್ತರ ಕೊಡುವ ಕಡೆ. ಇಂಗ್ಲಿಷಿನಲ್ಲಿ ಕೇಳಿಸಿಕೊಂಡು, ಕನ್ನಡದಲ್ಲಿ ಯೋಚಿಸಿ, ತಮಿಳಿನಲ್ಲಿ ಹೇಳಬೇಕೋ ಇಂಗ್ಲಿಷಿನಲ್ಲಿ ಹೇಳಬೇಕೋ ಎಂದು ತೀರ್ಮಾನಿಸಬೇಕಾದ ವಿದ್ಯಾರ್ಥಿಗೆ ಆ ಒಂದು ಸೆಕೆಂಡು ಯಾವ ಮೂಲೆಗೆ ಸಾಲುತ್ತದೆ? ಅಧ್ಯಾಪಕರಿಗೆ ಮಾತ್ರ ತಾವು ಸಾಕಷ್ಟು ಕಾದೆವು ಎಂದೇ ಅನ್ನಿಸಿರುತ್ತದೆ, ಏಕೆಂದರೆ ನಿಂತು ಮಾತಾಡುವವರಿಗೆ ಮೌನ ಬಹಳ ಉದ್ದವಾಗಿ ಕೇಳಿಸುತ್ತದೆ. ಉತ್ತರ ಬಾರದಿದ್ದಾಗ ತಾವೇ ಹೇಳಿ ಮುಂದೆ ಸಾಗುತ್ತಾರೆ, ಕೋಣೆಯಿಂದ ಹೊರಬಂದು ‘ಇಲ್ಲಿಯ ಹುಡುಗರು ಬಾಯೇ ಬಿಡುವುದಿಲ್ಲ’ ಎನ್ನುತ್ತಾರೆ. ಹಿಂದಿನ ಬೆಂಚಿನಲ್ಲಿ ಗಡಿಯಾರ ಹಿಡಿದು ಕೂತ ಸಹೋದ್ಯೋಗಿಯೊಬ್ಬರಿದ್ದರೆ ಈ ತೀರ್ಪು ನಿಲ್ಲುವುದಿಲ್ಲ. ಮೂರನೇ ಸಾಲಿನ ಹುಡುಗಿಯ ತುಟಿ ಅಲುಗಾಡಿತ್ತು, ಅಷ್ಟರಲ್ಲಿ ಉತ್ತರ ಬೋರ್ಡಿನ ಮೇಲೆ ಬಂದಿತ್ತು ಎಂದು ಅವರು ಹೇಳಬಲ್ಲರು. ಇದನ್ನು ಹೇಳುವುದಕ್ಕೆ ದೊಡ್ಡ ಪಾಂಡಿತ್ಯ ಬೇಕಿಲ್ಲ.

ಅಧ್ಯಾಪಕ: ಆದರೆ ವಿದ್ಯಾರ್ಥಿಗಳಿಂದಲೇ ಇದನ್ನು ತಿಳಿದುಕೊಳ್ಳಬಹುದಲ್ಲ. ಪ್ರತಿ ಸೆಮಿಸ್ಟರಿಗೆ ಫೀಡ್‌ಬ್ಯಾಕ್ ಫಾರಂ ತುಂಬಿಸುತ್ತೇವೆ. ನ್ಯಾಕ್ ಕೂಡ 2017ರ ತನ್ನ ಪರಿಷ್ಕೃತ ಪದ್ಧತಿಯಲ್ಲಿ ವಿದ್ಯಾರ್ಥಿಗಳ ತೃಪ್ತಿಯ ಸಮೀಕ್ಷೆಯನ್ನು ಸೇರಿಸಿದೆ. ಕಲಿಯುವವರು ಅವರು. ಕಲಿಕೆ ಆಯಿತೋ ಇಲ್ಲವೋ ಎಂದು ಅವರಿಗಿಂತ ಚೆನ್ನಾಗಿ ಹಿಂದಿನ ಬೆಂಚಿನ ಅಧ್ಯಾಪಕರಿಗೆ ಗೊತ್ತಾಗುತ್ತದೆಯೇ?

ಅಧ್ಯಾಪಕಿ: ವಿದ್ಯಾರ್ಥಿಗಳ ಮಾತನ್ನು ಕೇಳಲೇಬೇಕು. ಅಧ್ಯಾಪಕರು ಹೊತ್ತಿಗೆ ಸರಿಯಾಗಿ ಬರುತ್ತಾರೆಯೇ, ಗೌರವದಿಂದ ನಡೆದುಕೊಳ್ಳುತ್ತಾರೆಯೇ, ದನಿ ಹಿಂದಿನವರೆಗೆ ಕೇಳಿಸುತ್ತದೆಯೇ ಎಂಬುದಕ್ಕೆಲ್ಲ ಅವರೇ ಸಾಕ್ಷಿ. ಆದರೆ ತಾವು ಎಷ್ಟು ಕಲಿತೆವು ಎಂಬ ವಿಷಯದಲ್ಲಿ ಅವರ ಅಂದಾಜು ತಪ್ಪಬಹುದು ಎನ್ನುವುದಕ್ಕೆ ಗಟ್ಟಿ ಆಧಾರವಿದೆ. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳ ಒಂದು ಪ್ರಯೋಗ ಪ್ರಕಟವಾಯಿತು. ಒಂದು ಗುಂಪಿಗೆ ನುರಿತ ಅಧ್ಯಾಪಕರಿಂದ ಸರಾಗವಾದ ಉಪನ್ಯಾಸ, ಇನ್ನೊಂದು ಗುಂಪಿಗೆ ಅದೇ ವಿಷಯವನ್ನು ಗುಂಪುಗಳಲ್ಲಿ ಲೆಕ್ಕ ಬಿಡಿಸುತ್ತ ಕಲಿಯುವ ಪಾಠ. ಪರೀಕ್ಷೆಯಲ್ಲಿ ಎರಡನೆಯ ಗುಂಪು ಹೆಚ್ಚು ಅಂಕ ಪಡೆಯಿತು, ಆದರೆ ಹೆಚ್ಚು ಕಲಿತೆವು ಎಂಬ ಭಾವನೆ ಇದ್ದದ್ದು ಉಪನ್ಯಾಸ ಕೇಳಿದವರಲ್ಲಿ. ತಲೆಗೆ ಕೆಲಸ ಬಿದ್ದಾಗ ಆಗುವ ಕಷ್ಟವನ್ನು ಅವರು ಕಲಿಯದಿರುವುದರ ಗುರುತು ಎಂದುಕೊಂಡರು. ಅದಕ್ಕೂ ಎರಡು ವರ್ಷ ಮುಂಚೆ, 2017ರಲ್ಲಿ, ಬಾಬ್ ಉಟ್ಲ್ ಮತ್ತು ಸಂಗಡಿಗರು ಈ ವಿಷಯದ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಪರಿಶೀಲಿಸಿದಾಗ, ವಿದ್ಯಾರ್ಥಿಗಳು ಅಧ್ಯಾಪಕರಿಗೆ ಕೊಡುವ ಅಂಕಕ್ಕೂ ಅವರು ನಿಜವಾಗಿ ಕಲಿತದ್ದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಫಾರಂನಲ್ಲಿ ‘ತುಂಬಾ ಚೆನ್ನಾಗಿದೆ’ ಎಂಬ ಕಡೆ ಗುರುತು ಹಾಕುವ ವಿದ್ಯಾರ್ಥಿಗೆ ಒಳ್ಳೆಯ ಮನಸ್ಸಿರಬಹುದು, ಆದರೆ ಆ ಗುರುತಿನಿಂದ ನಾಳೆಯ ಪಾಠದಲ್ಲಿ ಏನು ಬದಲಿಸಬೇಕು ಎಂಬುದು ಅಧ್ಯಾಪಕರಿಗೆ ತಿಳಿಯುವುದಿಲ್ಲ.

ಅಧ್ಯಾಪಕ: ಹಾಗಾದರೆ ಸಹೋದ್ಯೋಗಿಯ ಅಂದಾಜು ಮಾತ್ರ ಸರಿ ಎಂದು ಹೇಗೆ ಒಪ್ಪಲಿ? ಹಿಂದೆ ಯಾರೋ ಕೂತಿದ್ದಾರೆಂದ ಕೂಡಲೇ ಪಾಠದ ಬಣ್ಣವೇ ಬದಲಾಗುತ್ತದೆ. ಅಧ್ಯಾಪಕರು ಅಂದಿಗೆಂದೇ ತಯಾರಾಗಿ ಬರುತ್ತಾರೆ, ವಿದ್ಯಾರ್ಥಿಗಳು ಶಿಸ್ತಾಗಿ ಕೂರುತ್ತಾರೆ. ಅದೂ ಅಲ್ಲದೆ ಬೆಟ್ಟದ ಮೇಲಿನ ಸಣ್ಣ ಕಾಲೇಜಿನಲ್ಲಿ ಒಂದು ವಿಭಾಗಕ್ಕೆ ಇರುವವರೇ ಕೆಲವರು. ಗಣಿತದವರ ಪಾಠಕ್ಕೆ ಅರ್ಥಶಾಸ್ತ್ರದವರು ಹೋಗಿ ಕೂತು ಏನು ಹೇಳಿಯಾರು?

ಅಧ್ಯಾಪಕಿ: ನೀವು ಹೇಳಿದ್ದು ಪೂರ್ತಿ ನಿಜ, ಅದಕ್ಕೇ ನಾನು ಸಹೋದ್ಯೋಗಿಯ ಅಂದಾಜನ್ನು ಕೇಳುತ್ತಲೇ ಇಲ್ಲ. ಇಡೀ ವಾದದ ತಿರುಳು ಇಲ್ಲಿದೆ. ನೋಡಲು ಹೋದವರು ಅಧ್ಯಾಪಕರ ಕಡೆ ಮುಖ ಮಾಡಿ ಕೂತು ‘ಪಾಠ ಚೆನ್ನಾಗಿತ್ತು, ದನಿ ಸ್ವಲ್ಪ ಜೋರಿರಲಿ’ ಎಂದು ಬರೆದರೆ ಅದು ಫೀಡ್‌ಬ್ಯಾಕ್ ಫಾರಂಗಿಂತ ಕಡೆ. ಅವರು ನೋಡಬೇಕಾದದ್ದು ವಿದ್ಯಾರ್ಥಿಗಳ ಕಡೆಗೆ, ಬರೆಯಬೇಕಾದದ್ದು ಕಂಡದ್ದನ್ನು ಮಾತ್ರ. ಬ್ರಿಟಿಷ್ ಕೊಲಂಬಿಯಾ ಮತ್ತು ಮೇನ್ ವಿಶ್ವವಿದ್ಯಾಲಯಗಳವರು 2013ರಲ್ಲಿ ಪ್ರಕಟಿಸಿದ ‘ಕೋಪಸ್’ ಎಂಬ ವೀಕ್ಷಣಾ ಪದ್ಧತಿ ಇದನ್ನೇ ಮಾಡುತ್ತದೆ. ಎರಡೆರಡು ನಿಮಿಷಕ್ಕೊಮ್ಮೆ ಅಧ್ಯಾಪಕರು ಏನು ಮಾಡುತ್ತಿದ್ದಾರೆ, ವಿದ್ಯಾರ್ಥಿಗಳು ಏನು ಮಾಡುತ್ತಿದ್ದಾರೆ ಎಂದು ಗುರುತು ಹಾಕುತ್ತ ಹೋಗುವುದು: ಕೇಳುತ್ತಿದ್ದಾರೆ, ಬರೆದುಕೊಳ್ಳುತ್ತಿದ್ದಾರೆ, ಪ್ರಶ್ನೆ ಕೇಳಿದರು, ಪಕ್ಕದವರೊಡನೆ ಚರ್ಚಿಸುತ್ತಿದ್ದಾರೆ. ಒಳ್ಳೆಯದು ಕೆಟ್ಟದ್ದು ಎಂಬ ಕಾಲಮೇ ಅದರಲ್ಲಿಲ್ಲ. ಕಲಿಯಲು ಒಂದೂವರೆ ಎರಡು ಗಂಟೆ ಸಾಕು. ಇದೇ ಪದ್ಧತಿಯಲ್ಲಿ ಉತ್ತರ ಅಮೆರಿಕದ 25 ಸಂಸ್ಥೆಗಳ ಎರಡು ಸಾವಿರಕ್ಕೂ ಹೆಚ್ಚು ವಿಜ್ಞಾನ ತರಗತಿಗಳನ್ನು ನೋಡಿದ ವರದಿ 2018ರಲ್ಲಿ ಬಂತು. ಅವುಗಳಲ್ಲಿ ಶೇ. 55ರಷ್ಟು ತರಗತಿಗಳಲ್ಲಿ ಬಹುಪಾಲು ಹೊತ್ತು ಉಪನ್ಯಾಸವೇ ನಡೆದಿತ್ತು. ಸಕ್ರಿಯ ಕಲಿಕೆಯ ಬಗ್ಗೆ ಎಷ್ಟೋ ವರ್ಷಗಳಿಂದ ಗಟ್ಟಿಯಾಗಿ ಮಾತಾಡುತ್ತಿದ್ದ ದೇಶಗಳಲ್ಲೂ ಕೋಣೆಯೊಳಗೆ ನಡೆಯುವುದು ಬೇರೆಯೇ ಎಂದು ಗೊತ್ತಾದದ್ದು, ಹೋಗಿ ಕೂತು ನೋಡಿದ್ದರಿಂದ.

ಹೀಗೆ ನೋಡುವುದಾದರೆ ವಿಷಯ ಬೇರೆಯಾಗಿರುವುದು ಅಡ್ಡಿಯಲ್ಲ, ಅನುಕೂಲವೇ. ಗಣಿತದವರು ಗಣಿತದ ಪಾಠಕ್ಕೆ ಹೋದರೆ ಅವರ ತಲೆ ಸೂತ್ರದ ಜೊತೆ ಓಡುತ್ತದೆ, ಬಿಟ್ಟುಹೋದ ಮೆಟ್ಟಿಲನ್ನು ತಾವೇ ತುಂಬಿಕೊಂಡುಬಿಡುತ್ತಾರೆ. ಅರ್ಥಶಾಸ್ತ್ರದವರಿಗೆ ಆ ಮೆಟ್ಟಿಲು ಬಿಟ್ಟುಹೋದದ್ದು ವಿದ್ಯಾರ್ಥಿಗೆ ಕಂಡಂತೆಯೇ ಕಾಣುತ್ತದೆ. ವಿಷಯ ಸರಿಯಾಗಿ ಬಂತೇ ಎಂದು ನೋಡಲು ಅದೇ ವಿಷಯದವರು ಬೇಕು, ಒಪ್ಪುತ್ತೇನೆ, ಆದರೆ ಅದು ಬೇರೆ ಕೆಲಸ. ನನಗೆ ಇನ್ನೂ ಹೆಚ್ಚು ಹಿಡಿಸುವ ಸಂಗತಿ ಮೇನ್ ವಿಶ್ವವಿದ್ಯಾಲಯದ್ದು. ಅಲ್ಲಿ ಕಾಲೇಜು ಪಾಠಗಳನ್ನು ನೋಡಲು ಆ ಭಾಗದ ಶಾಲಾ ಶಿಕ್ಷಕರನ್ನು ಕರೆದರು. ತಾಳವಾಡಿಗೆ ಇದು ಹೇಳಿ ಮಾಡಿಸಿದಂತಿದೆ. ಇಲ್ಲಿಯ ಕನ್ನಡ ಮಾಧ್ಯಮದ ಹೈಸ್ಕೂಲು ಶಿಕ್ಷಕರಿಗೆ ಯಾವ ಪರಿಕಲ್ಪನೆಯನ್ನು ಮಕ್ಕಳು ಯಾವ ಮಾತಿನಲ್ಲಿ ಕಲಿತು ಬಂದಿದ್ದಾರೆ, ಎಲ್ಲಿ ಎಡವುತ್ತಾರೆ ಎಂಬುದು ಗೊತ್ತು. ಬಿ.ಎಡ್.ನಲ್ಲಿ ಪಾಠ ನೋಡುವ ರೂಢಿಯೂ ಅವರಿಗೆ ಆಗಿದೆ. ಪೂರೈಕೆಯ ಸ್ಥಿತಿಸ್ಥಾಪಕತ್ವವನ್ನು ಪುಸ್ತಕದ ಉದಾಹರಣೆಯಿಂದ ವಿವರಿಸುತ್ತಿರುವ ಅಧ್ಯಾಪಕರನ್ನು ಕಲ್ಪಿಸಿಕೊಳ್ಳಿ. ಮುಂದೆ ಕೂತವರ ಮನೆಯಲ್ಲಿ ಅರಿಶಿನವನ್ನು ಈರೋಡಿನ ಮಾರುಕಟ್ಟೆಗೆ ಹಾಕಬೇಕೋ, ಬೆಲೆ ಏರುವವರೆಗೆ ಇಟ್ಟುಕೊಳ್ಳಬೇಕೋ ಎಂದು ಚರ್ಚೆ ನಡೆದಿರುತ್ತದೆ. ಕೋಸಿನ ವಿಷಯದಲ್ಲಿ ಆ ಆಯ್ಕೆಯೇ ಇಲ್ಲ, ಕಿತ್ತ ಕೂಡಲೇ ಬಂದ ಬೆಲೆಗೆ ಹೋಗಬೇಕು. ಪಾಠ ನೋಡಲು ಬಂದ ಸ್ಥಳೀಯ ಶಿಕ್ಷಕರೊಬ್ಬರು ಈ ಒಂದು ಮಾತನ್ನು ದಾಟಿಸಿದರೆ, ಆ ಅಧ್ಯಾಪಕರ ಮುಂದಿನ ಪಾಠವೇ ಬೇರೆಯಾಗುತ್ತದೆ. ಈರೋಡಿಗಿಂತ ಹತ್ತಿರವಿರುವ ಚಾಮರಾಜನಗರದ ಕಾಲೇಜುಗಳಿಂದಲೂ ಕನ್ನಡ ಬಲ್ಲವರು ಬರಬಹುದು. ಆದರೆ ಅದಕ್ಕೆ ಎರಡು ರಾಜ್ಯಗಳ ಅನುಮತಿ ಬೇಕಾದೀತು, ಅದರಿಂದ ಶುರು ಮಾಡುವುದು ಬೇಡ.

ತಯಾರಾಗಿ ಬರುತ್ತಾರೆ ಎಂದಿರಿ. ಬರಲಿ. ಒಬ್ಬರು ನೋಡುತ್ತಾರೆಂದು ಅಧ್ಯಾಪಕರು ಆ ದಿನ ಹೆಚ್ಚು ಯೋಚಿಸಿ ಬಂದರೆ ವಿದ್ಯಾರ್ಥಿಗಳಿಗೆ ನಷ್ಟವೇನೂ ಇಲ್ಲ. ಪಾಠಕ್ಕೆ ಮುಂಚೆ ಇಬ್ಬರೂ ಹತ್ತು ನಿಮಿಷ ಕೂತು, ಈ ದಿನ ಏನನ್ನು ಗಮನಿಸಬೇಕು ಎಂದು ಪಾಠ ಮಾಡುವವರೇ ಹೇಳಬೇಕು. ‘ಎಡಗಡೆ ಸಾಲಿನವರು ಟಿಪ್ಪಣಿ ಬರೆಯುತ್ತಾರೋ ನಕಲು ಮಾಡುತ್ತಾರೋ ನೋಡಿ’ ಎಂದು ತಾನೇ ಕೇಳಿಕೊಂಡವರಿಗೆ ನಟಿಸುವ ಅಗತ್ಯ ಬೀಳುವುದಿಲ್ಲ.

ಅಧ್ಯಾಪಕ: ಇಷ್ಟೆಲ್ಲ ಮಾಡಿದರೆ ವಿದ್ಯಾರ್ಥಿಗಳ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ಇದೆಯೇ? ಅಧ್ಯಾಪಕರಿಗೆ ಖುಷಿಯಾಯಿತು, ಆತ್ಮವಿಶ್ವಾಸ ಬಂತು ಎಂಬ ವರದಿಗಳು ಬೇಕಾದಷ್ಟು ಸಿಗುತ್ತವೆ. ಅವು ನನಗೆ ಸಾಲವು.

ಅಧ್ಯಾಪಕಿ: ಸಾಲಬಾರದು ಕೂಡ. ಈ ಪ್ರಶ್ನೆಗೆ ನನಗೆ ಗೊತ್ತಿರುವ ಬಲವಾದ ಪ್ರಯೋಗ ಇಂಗ್ಲೆಂಡಿನದು. ಅದು ಶಾಲೆಗಳದ್ದು, ವಿಶ್ವವಿದ್ಯಾಲಯದ್ದಲ್ಲ, ಆ ಮಿತಿಯನ್ನು ಮೊದಲೇ ಹೇಳಿಬಿಡುತ್ತೇನೆ. 82 ಪ್ರೌಢಶಾಲೆಗಳಲ್ಲಿ ಎರಡು ವರ್ಷ ಇಂಗ್ಲಿಷ್ ಮತ್ತು ಗಣಿತದ ಶಿಕ್ಷಕರ ನಡುವೆ ಪರಸ್ಪರ ವೀಕ್ಷಣೆಯನ್ನು ಪರೀಕ್ಷಿಸಿದರು. ಯಾವ ಶಾಲೆಯಲ್ಲಿ ನಡೆಯಬೇಕು, ಯಾವುದರಲ್ಲಿ ಬೇಡ ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದ್ದರು. ಇದರ ಫಲಿತಾಂಶವನ್ನು ಎರಡು ಬಗೆಯಲ್ಲಿ ಓದಿದ್ದಾರೆ. 2017ರ ಸ್ವತಂತ್ರ ಮೌಲ್ಯಮಾಪನ, ಒಟ್ಟಾರೆ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಶಿಕ್ಷಕರಿಗೆ ಹೇಳಿದಷ್ಟು ವೀಕ್ಷಣೆ ಮಾಡಲು ಬಿಡುವೇ ಸಿಗಲಿಲ್ಲ ಎಂದಿತು. ಪ್ರಯೋಗ ನಡೆಸಿದ ಅರ್ಥಶಾಸ್ತ್ರಜ್ಞ ಸೈಮನ್ ಬರ್ಜೆಸ್ ಮತ್ತು ಸಂಗಡಿಗರು ಅದೇ ಪ್ರಯೋಗದ ಬಗ್ಗೆ 2021ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸಣ್ಣದಾದರೂ ಸ್ಪಷ್ಟವಾದ ಏರಿಕೆ ಕಂಡರು, ಮಾನಕ ವಿಚಲನೆಯ ಲೆಕ್ಕದಲ್ಲಿ 0.07. ಹಾಗಾಗಿ ಇದು ಪವಾಡವಲ್ಲ. ಇದರಿಂದ ಫಲಿತಾಂಶ ಜಿಗಿದುಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಆ ಪ್ರಬಂಧದಲ್ಲಿ ಇನ್ನೆರಡು ಸಂಗತಿಗಳಿವೆ, ನನಗೆ ಅವೇ ಮುಖ್ಯ. ಮೊದಲನೆಯದು, ಪಾಠ ನೋಡಲು ಹೋದವರ ವಿದ್ಯಾರ್ಥಿಗಳಿಗೆ ಆದ ಲಾಭ, ನೋಡಿಸಿಕೊಂಡವರ ವಿದ್ಯಾರ್ಥಿಗಳಿಗೆ ಆದದ್ದಕ್ಕಿಂತ ಕಡಿಮೆಯೇನೂ ಇರಲಿಲ್ಲ, ತುಸು ಹೆಚ್ಚೇ ಇದ್ದಿರಬಹುದು. ಅಂದರೆ ಸಲಹೆ ಕೇಳಿಸಿಕೊಳ್ಳುವುದರಿಂದ ಆಗುವಷ್ಟೇ ಉಪಯೋಗ, ಇನ್ನೊಬ್ಬರ ಕೋಣೆಯಲ್ಲಿ ಸುಮ್ಮನೆ ಕೂತು ತನ್ನ ಪಾಠವನ್ನು ನೆನೆಯುವುದರಿಂದಲೂ ಆಗುತ್ತದೆ. ಎರಡನೆಯದು, ವೀಕ್ಷಣೆಗಳ ಸಂಖ್ಯೆಯನ್ನು ಹೆಚ್ಚಿಸಿದ್ದರಿಂದ ಹೆಚ್ಚಿನ ಫಲ ಸಿಗಲಿಲ್ಲ. ಬಿಡುವಿಲ್ಲದ ಅಧ್ಯಾಪಕರಿಗೆ ಇದು ಸಮಾಧಾನದ ಸುದ್ದಿ. ಸೆಮಿಸ್ಟರಿಗೆ ಒಂದೆರಡು ಪೀರಿಯಡ್ ಸಾಕು, ಟೈಮ್‌ಟೇಬಲ್ ಬುಡಮೇಲು ಮಾಡಬೇಕಿಲ್ಲ.

ಅಧ್ಯಾಪಕ: ಒಳ್ಳೆಯದು. ಆದರೆ ಅಲ್ಲಿಯ ಶಿಕ್ಷಕರು ಸಮಾನರ ನಡುವೆ ನೋಡಿಕೊಂಡರು. ನಮ್ಮಲ್ಲಿ ಹೆಚ್‌ಓಡಿ ಪಾಠಕ್ಕೆ ಮೊನ್ನೆ ಸೇರಿದವರು ಹೋಗಿ ಕೂತರೆ ‘ಬಹಳ ಚೆನ್ನಾಗಿತ್ತು ಸರ್’ ಎನ್ನದೆ ಬೇರೇನು ಹೇಳುತ್ತಾರೆ? ಇನ್ನು ಇದಕ್ಕೊಂದು ಸುತ್ತೋಲೆ ಬಂತೆಂದರೆ ಕಥೆ ಮುಗಿಯಿತು. 2010ರಲ್ಲಿ ಯುಜಿಸಿ ಬಡ್ತಿಗೆ ಎಪಿಐ ಅಂಕಗಳನ್ನು ತಂದ ಮೇಲೆ ಸೆಮಿನಾರುಗಳಿಗೆ ಏನಾಯಿತು ಎಂಬುದನ್ನು ನಾವೆಲ್ಲ ನೋಡಿದ್ದೇವೆ. ಪ್ರಮಾಣಪತ್ರ ಸಿಕ್ಕರೆ ಸಾಕು ಎಂದಾಯಿತು.

ಅಧ್ಯಾಪಕಿ: ನಿಮ್ಮ ಆಕ್ಷೇಪಗಳಲ್ಲಿ ನಾನು ಅತ್ಯಂತ ಗಂಭೀರವಾಗಿ ತೆಗೆದುಕೊಳ್ಳುವುದು ಇದನ್ನೇ. ಡೇವಿಡ್ ಗಾಸ್ಲಿಂಗ್ ಎಂಬ ಬ್ರಿಟಿಷ್ ವಿದ್ವಾಂಸರು 2002ರಲ್ಲೇ ಕಾಲೇಜು ವೀಕ್ಷಣೆಯನ್ನು ಮೂರಾಗಿ ವಿಂಗಡಿಸಿದ್ದರು: ಮೇಲಿನವರು ತೀರ್ಪು ಕೊಡಲು ನೋಡುವುದು, ತಜ್ಞರು ತಿದ್ದಲು ನೋಡುವುದು, ಸಮಾನರು ಪರಸ್ಪರ ಕಲಿಯಲು ನೋಡುವುದು. ಒಂದನ್ನು ಇನ್ನೊಂದರ ಜೊತೆ ಬೆರೆಸಿದರೆ ಮೂರನೆಯದು ಸಾಯುತ್ತದೆ. ಇಂಗ್ಲೆಂಡಿನ ಪ್ರಯೋಗದಲ್ಲಿ ಶಿಕ್ಷಕರು ಅಂಕ ಹಾಕಿದರೂ ಆ ಅಂಕದ ಮೇಲೆ ಬಡ್ತಿಯಾಗಲಿ ಸಂಬಳವಾಗಲಿ ನಿಂತಿರಲಿಲ್ಲ. ನಮ್ಮಲ್ಲಿ ಅಂಕವೇ ಬೇಡ, ಏಕೆಂದರೆ ಒಮ್ಮೆ ಕಾಗದದ ಮೇಲೆ ಬಂದ ಅಂಕ ಯಾವ ಫೈಲಿಗೆ ಹೋಗಿ ಸೇರುತ್ತದೆ ಎಂದು ಯಾರೂ ಹೇಳಲಾರರು. ಬರೆದ ಟಿಪ್ಪಣಿ ಪಾಠ ಮಾಡಿದವರ ಕೈಗೆ ಹೋಗಬೇಕು, ಅದರ ಪ್ರತಿ ಪ್ರಿನ್ಸಿಪಾಲರ ಕೋಣೆಗಾಗಲಿ ಗುಣಮಟ್ಟದ ಸಮಿತಿಗಾಗಲಿ ಹೋಗಕೂಡದು. ಕಾಲೇಜು ದಾಖಲಿಸಬೇಕಾದದ್ದು ಇಂಥ ದಿನ ಇಂಥವರು ಇಂಥವರ ಪಾಠದಲ್ಲಿ ಕೂತಿದ್ದರು ಎಂಬುದನ್ನು ಮಾತ್ರ. ಬಡ್ತಿಗೆ ಮೌಲ್ಯಮಾಪನ ಬೇಕಾದರೆ ಅದಕ್ಕೆ ಬೇರೆ ದಾರಿ, ಬೇರೆ ಜನ ಇರಲಿ.

ಇನ್ನು ಕಿರಿಯರು ಬಾಯಿ ಬಿಡುವುದಿಲ್ಲ ಎಂಬ ಮಾತು. ಅಭಿಪ್ರಾಯ ಕೇಳಿದರೆ ಬಿಡುವುದಿಲ್ಲ, ನಿಜ. ಹಿರಿಯರಿಗೆ ‘ನಿಮ್ಮ ಪಾಠ ಅರ್ಥವಾಗುವಂತಿರಲಿಲ್ಲ’ ಎನ್ನಲು ಯಾರಿಗೂ ಮನಸ್ಸು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ‘ಸರ್, ಒಂಬತ್ತು ಪ್ರಶ್ನೆ ಕೇಳಿದಿರಿ, ಏಳಕ್ಕೆ ಉತ್ತರ ಕೊಟ್ಟವರು ಅದೇ ಇಬ್ಬರು’ ಎಂದು ಹೇಳುವುದಕ್ಕೆ ಧೈರ್ಯ ಬೇಕಿಲ್ಲ, ಎಣಿಸಲು ಬಂದರೆ ಸಾಕು. ಮುಂದೇನು ಮಾಡಬೇಕೆಂದು ಹಿರಿಯರೇ ಯೋಚಿಸುತ್ತಾರೆ. ಅಂಥ ಹೇಳಿಕೆಯಲ್ಲಿ ಅವರ ಮರ್ಯಾದೆಗೆ ಧಕ್ಕೆಯಾಗುವಂಥದ್ದೇನೂ ಇರುವುದಿಲ್ಲ.

ಅಧ್ಯಾಪಕ: ಒಂದು ಕಡೆ ಮಾತ್ರ ನನಗೆ ಇನ್ನೂ ಅನುಮಾನ. ಎಷ್ಟೋ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರದು. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದವರಿಗೆ ‘ಇದು ತಪಾಸಣೆಯಲ್ಲ, ಭಯ ಬೇಡ’ ಎಂದರೆ ನಂಬುತ್ತಾರೆಯೇ?

ಅಧ್ಯಾಪಕಿ: ನಂಬುವುದಿಲ್ಲ, ನಂಬಬೇಕೆಂದು ಒತ್ತಾಯಿಸುವುದೂ ತಪ್ಪು. ಕೆಲಸದ ಭದ್ರತೆ ಇಲ್ಲದವರ ಪಾಠಕ್ಕೆ ಭದ್ರತೆ ಇರುವವರು ಹೋಗಿ ಕೂತರೆ, ಉದ್ದೇಶ ಏನೇ ಇರಲಿ, ಅದು ತಪಾಸಣೆಯೇ ಆಗುತ್ತದೆ. ಅದಕ್ಕೆ ನನ್ನ ಪ್ರಕಾರ ಮೊದಲ ವರ್ಷ ಖಾಯಂ ಅಧ್ಯಾಪಕರ ಪಾಠಗಳಷ್ಟೇ ತೆರೆದಿರಬೇಕು, ಅದರಲ್ಲೂ ಹೆಚ್‌ಓಡಿಗಳದ್ದು ಮೊದಲು. ಅತಿಥಿ ಉಪನ್ಯಾಸಕರು ನೋಡುವವರಾಗಿ ಬರಲಿ. ನೋಡುವವರಿಗೂ ಲಾಭ ಕಡಿಮೆಯಿಲ್ಲ ಎಂದು ಈಗತಾನೇ ಹೇಳಿದೆನಲ್ಲ, ಅದು ಅವರಿಗೂ ಸಿಗುತ್ತದೆ. ಜೊತೆಗೆ, ಹಾಗೆ ಕೂತ ಪೀರಿಯಡ್ಡನ್ನು ಅವರ ವರ್ಕ್‌ಲೋಡಿನಲ್ಲಿ ಪಾಠ ಮಾಡಿದ ಪೀರಿಯಡ್ಡಿನಂತೆಯೇ ಲೆಕ್ಕ ಹಿಡಿದು ಸಂಬಳ ಕೊಡಬೇಕು. ಇಷ್ಟಕ್ಕೆ ಆಡಳಿತ ಒಪ್ಪದಿದ್ದರೆ ಈ ಯೋಜನೆಯನ್ನು ಶುರು ಮಾಡದೆ ಇರುವುದೇ ವಾಸಿ. ಎರಡನೇ ವರ್ಷ ತಮ್ಮ ಪಾಠಕ್ಕೂ ಬನ್ನಿ ಎಂದು ಅವರೇ ಕರೆದರೆ ಹೋಗೋಣ, ಕರೆಯದಿದ್ದರೆ ಕಾಯೋಣ.